ಮನೆ ವಿಷಯ ಬೇಡ

ಹೊಲಿಗೆ ಮಿಷನ್ ರಿಪೇರಿ ಮಾಡುವ ಆಕೆಯನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಮೆಕ್ಯಾನಿಕಮ್ಮ ಎಂದೇ ಕರೆಯುವುದು. ಆಕೆಯ ಅಂಗಡಿಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ ಅಷ್ಟೆ. ಆ ಕಡೆ ಆಕೆ ಸೀನಿದರೆ ಈ ಕಡೆ ನನ್ನ ಗಿರಾಕಿಗಳು ಬೆಚ್ಚಿಬೀಳುತ್ತಾರೆ. ಇಪ್ಪತ್ತು ವರ್ಷದಲ್ಲಿ ನಾನು ಕೇಳಿಸಿಕೊಳ್ಳಬಾರದ್ದನ್ನೆಲ್ಲ ಕೇಳಿಸಿಕೊಂಡಿದ್ದೇನೆ. ಈ ಕಥೆಯಲ್ಲಿ ನನ್ನ ಪಾಲೂ ಇದೆ. ಅದನ್ನು ಮುಚ್ಚಿಟ್ಟು ಒಳ್ಳೆಯವನೆನಿಸಿಕೊಳ್ಳುವ ಆಸೆ ನನಗಿಲ್ಲ.

ಮುಂಚೆ ಆ ಅಂಗಡಿಯಲ್ಲಿ ಇಬ್ಬರಿದ್ದರು. ಬಾಗಿಲ ಬಳಿ, ಬೆಳಕು ಬೀಳುವ ಕಡೆ, ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಹಿಂದುಗಡೆ ಎಣ್ಣೆ ಡಬ್ಬಿಗಳ ನಡುವೆ ತಂಗಿ, ಅಂದರೆ ನಮ್ಮ ಮೆಕ್ಯಾನಿಕಮ್ಮ, ಮಿಷನ್ ಬಿಚ್ಚಿಕೊಂಡು ಕೂರುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಕ್ಕನ ಬಲಗೈ ತೋರುಬೆರಳಿಗೆ ಸೂಜಿ ಹೊಕ್ಕಿತು. ಕರೆಂಟಿನ ಮಿಷನ್, ಪ್ಲಗ್ ಕೀಳುವಷ್ಟರಲ್ಲಿ ನಾಲ್ಕು ಸಲ ಇಳಿದು ಎದ್ದಿತ್ತು. ಅಂಗಡಿ ತುಂಬ ಗಿರಾಕಿಗಳು. ಗಾಬರಿಯಲ್ಲಿ ತಂಗಿ ಬಾಯಿಗೆ ಬಂದದ್ದನ್ನು ಕೂಗಿಬಿಟ್ಟಳು: "ಕಣ್ಣು ಎಲ್ಲಿಟ್ಕೊಂಡಿದ್ದೆ? ಸೂಜಿ ನೋಡ್ಕೊಂಡು ಹೊಲಿಯೋಕೆ ಆಗಲ್ವಾ ನಿನಗೆ?"

ಆ ಬೆರಳು ಮತ್ತೆ ಬಾಗಲಿಲ್ಲ. ಅಕ್ಕ ಮತ್ತೆ ಹೊಲಿಯಲಿಲ್ಲ, ಅಂಗಡಿಯ ಮೆಟ್ಟಿಲನ್ನೂ ಹತ್ತಲಿಲ್ಲ. ನಾಲ್ಕು ಬೀದಿ ಆಚೆ ಮಗಳ ಮನೆ ಸೇರಿಕೊಂಡಳು. ಒಂದೇ ತಾಯಿಯ ಮಕ್ಕಳ ನಡುವೆ ಮಾತು ಬಂದ್ ಆಯಿತು.

ಎರಡು ವರ್ಷದ ಹಿಂದೆ ಮೆಕ್ಯಾನಿಕಮ್ಮನಿಗೆ ಗಿರಾಕಿಗಳು ಕಡಿಮೆಯಾದಾಗ ಬ್ಲಾಗ್ ಬರೆಯುವ ಹುಚ್ಚು ಹಿಡಿಸಿದವನು ನಾನೇ. "ನನಗೆ ಬರೋದು ಸ್ಕ್ರೂ ತಿರುಗಿಸೋಕೆ, ಬರೆಯೋಕಲ್ಲ" ಎಂದಳು. ಆಕೆಯ ಫೋನಿಗೆ ಎಐ ಸಹಾಯಕವನ್ನು ಹಾಕಿಕೊಟ್ಟು, "ನೀವು ಕೆಲಸ ಮಾಡ್ತಾ ಮಾತಾಡಿ ಸಾಕು, ಬರೆಯೋದು ಅದು ನೋಡ್ಕೊಳ್ಳುತ್ತೆ" ಎಂದೆ. ಆಕೆ ಅದಕ್ಕೆ ಗುಮಾಸ್ತ ಎಂದು ಹೆಸರಿಟ್ಟಳು. ಗುಮಾಸ್ತ ತಿಂಗಳಿಗೊಂದು ಪಟ್ಟಿ ಹಾಕಿಕೊಡುತ್ತಿತ್ತು: ಒಂದು ಗುರುವಾರ ದಾರ ಯಾಕೆ ತುಂಡಾಗುತ್ತದೆ, ಮುಂದಿನ ಗುರುವಾರ ಎಣ್ಣೆ ಎಲ್ಲಿ ಬಿಡಬೇಕು, ಅದರಾಚೆ ಸಡಿಲವಾದ ಬೆಲ್ಟು. ಒಮ್ಮೆ 'ಸೂಜಿ ದಾರಗಳ ಅಮರ ಬಾಂಧವ್ಯ' ಎಂದು ಬರೆದದ್ದಕ್ಕೆ, "ಏಯ್, ರಿಪೇರಿ ಬಗ್ಗೆ ಬರಿ ಅಂದ್ರೆ ಮದುವೆ ಪತ್ರಿಕೆ ಬರೀತಿದೀಯಾ?" ಎಂದು ಬೈದಳು. ಪ್ರತಿ ಬರಹದ ಕೊನೆಗೆ ಮಾತ್ರ ಒಂದು ಸಾಲು ಇರಲೇಬೇಕೆಂದು ಆಕೆಯ ಹಟ: ಹೊಲಿಯುವಾಗ ಕಣ್ಣು ಸೂಜಿಯ ಮೇಲಿರಲಿ.

ಮೊದಲ ಬರಹದಲ್ಲೇ ಒಂದು ಎಡವಟ್ಟಾಗಿತ್ತು. ಎಣ್ಣೆ ಕಾಣದ ಮಿಷನ್ ಹೇಗೆ ಸದ್ದು ಮಾಡುತ್ತದೆಂದು ಹೇಳುತ್ತಾ ಆಕೆ ಗಂಡನ ಗೊರಕೆಯನ್ನೂ ಎಳೆದು ತಂದಿದ್ದಳು. ಗುಮಾಸ್ತ ಅದನ್ನು ಚಾಚೂ ತಪ್ಪದೆ ಬರೆಯಿತು. ಬೀದಿಗೆ ಬೀದಿಯೇ ನಕ್ಕಿತು. ಗಂಡ ಮೂರು ದಿನ ಮುಖ ಊದಿಸಿಕೊಂಡು ಓಡಾಡಿದ. ನಾಲ್ಕನೆಯ ದಿನ ಆಕೆ ಫೋನನ್ನು ನನ್ನ ಮುಂದೆ ಕುಕ್ಕಿದಳು.

"ಇದಕ್ಕೆ ಖಡಾಖಂಡಿತವಾಗಿ ಹೇಳ್ಬಿಡು. ಮನೆ ವಿಷಯ ಬೇಡ. ನಾನು ಬಾಯಿತಪ್ಪಿ ಏನೇ ಹೇಳ್ಲಿ, ಅದನ್ನ ಬಿಟ್ಟು ಮಿಷನ್ ವಿಷಯ ಮಾತ್ರ ಬರೀಲಿ."

ನಾನು ಹಾಗೆಯೇ ಟೈಪ್ ಮಾಡಿ ಕಾಯಂ ಸೂಚನೆಯಾಗಿ ಉಳಿಸಿದೆ. ಅಂದಿನಿಂದ ಪ್ರತಿ ಕರಡಿನ ಕೆಳಗೆ ಒಂದು ಸಣ್ಣ ಟಿಪ್ಪಣಿ ಬರುತ್ತಿತ್ತು: 'ನಿಮ್ಮ ಸೂಚನೆಯಂತೆ ಮನೆಯ ವಿಷಯವನ್ನು ಎರಡು ಕಡೆ ಬಿಟ್ಟಿದ್ದೇನೆ.' ನಾಲ್ಕಾರು ವಾರ ಅದನ್ನು ಓದಿ ನಕ್ಕೆವು. ಆಮೇಲೆ ಆ ಟಿಪ್ಪಣಿಯ ಕಡೆ ನೋಡುವುದನ್ನೇ ಬಿಟ್ಟೆವು.

ಈ ವರ್ಷದ ಆರಂಭದಲ್ಲಿ ಒಂದು ದಿನ ಅಕ್ಕನ ಮಗಳು ಅಂಗಡಿಗೆ ಬಂದಳು. ಚಿಕ್ಕವಳಿದ್ದಾಗ ಇದೇ ಅಂಗಡಿಯ ಚಿಂದಿಯಲ್ಲಿ ಗೊಂಬೆ ಮಾಡಿಕೊಂಡು ಆಡಿದವಳು. ಈಗ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಚಿಕ್ಕಮ್ಮ, ಅಮ್ಮನಿಗೆ ಹುಷಾರಿಲ್ಲ. ಜಾಸ್ತಿ ದಿನ ಇಲ್ಲ ಅಂತಿದಾರೆ ಡಾಕ್ಟ್ರು."

ಮೆಕ್ಯಾನಿಕಮ್ಮ ಕೈ ಒರೆಸಿಕೊಂಡು ಎದ್ದೇಬಿಟ್ಟಳು.

"ಈಗ ಬರಬೇಡಿ. ಅಮ್ಮ ಬೇಡ ಅಂದಿದಾರೆ. ಆದ್ರೆ ಒಂದು ವಿಷಯ ನಿಮಗೆ ಗೊತ್ತಿರ್ಲಿ ಅಂತ ಬಂದೆ. ಪ್ರತಿ ಗುರುವಾರ ನೀವು ಬರೆದಿದ್ದನ್ನ ನನ್ನ ಕೈಲಿ ಓದಿಸಿಕೊಳ್ತಾರೆ. ಒಂದೂ ಬಿಟ್ಟಿಲ್ಲ. ಕೇಳ್ಕೊಂಡು ಸುಮ್ಮನೆ ಮಲಗಿರ್ತಾರೆ."

ಅವಳು ಹೋದ ಮೇಲೆ ನಾನು ಲೆಕ್ಕ ಹಾಕಿದೆ. ಎರಡು ವರ್ಷ, ಪ್ರತಿ ಗುರುವಾರ, ಕಣ್ಣು ಸೂಜಿಯ ಮೇಲಿರಲಿ ಎನ್ನುವ ಸಾಲನ್ನು ಅಕ್ಕ ಕೇಳಿಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಮೆಕ್ಯಾನಿಕಮ್ಮ ಶಟರ್ ಅರ್ಧ ಎಳೆದುಕೊಂಡು ಫೋನಿನೊಂದಿಗೆ ಕೂತಳು. ನಾನು ಜೆರಾಕ್ಸ್ ಮಿಷನ್ ಆರಿಸಿ ಕಿವಿಗೊಟ್ಟೆ. ತಪ್ಪೇ, ಆದರೂ ಕೇಳಿದೆ.

"ಗುಮಾಸ್ತ, ಈ ವಾರ ಪೆಡಲ್ ಬಗ್ಗೆ ಬರಿ. ಒಳಗಿನ ಸ್ಪ್ರಿಂಗ್ ಸೋತು ಹೋದ್ರೆ ಕಾಲು ತೆಗೆದ್ರೂ ಮಿಷನ್ ನಿಲ್ಲಲ್ಲ." ಸ್ಪ್ರಿಂಗನ್ನು ಹೇಗೆ ಪರೀಕ್ಷಿಸಬೇಕೆಂದು ವಿವರವಾಗಿ ಹೇಳಿದಳು. ಆಮೇಲೆ ದನಿ ಒಡೆಯಿತು. "ಅಕ್ಕಾ, ಅವತ್ತು ನೀನು ಕಾಲು ತೆಗೆದಿದ್ದೆ. ನಿಲ್ಲದೆ ಹೋಗಿದ್ದು ಮಿಷನ್. ನಿನ್ನ ಪೆಡಲ್‌ಗೆ ಹಳೇ ಸ್ಪ್ರಿಂಗ್ ಹಾಕಿದ್ದೆ, ನಾಳೆ ಬದಲಾಯಿಸಿದ್ರಾಯ್ತು ಅಂತ. ಸಾಯಂಕಾಲ ಬಿಚ್ಚಿ ನೋಡಿದಾಗ ಗೊತ್ತಾಯ್ತು. ಹೊಸದು ಹಾಕಿ ಬಾಯಿ ಮುಚ್ಕೊಂಡೆ. ಹನ್ನೊಂದು ವರ್ಷದಿಂದ ನಿನ್ನನ್ನ ನೀನೇ ಬೈಕೊಂಡು ಕೂತಿದೀಯ. ತಪ್ಪು ನಂದು ಅಕ್ಕಾ. ನಿಂದೇನೂ ಇಲ್ಲ."

ನನಗೆ ಕರುಣೆಗಿಂತ ಸಿಟ್ಟೇ ಹೆಚ್ಚು ಬಂತು. ಮರದ ಚೂರಿನಂತೆ ಸೆಟೆದುಕೊಂಡಿದ್ದ ಆ ಬೆರಳನ್ನು ನಾನೂ ಕಂಡಿದ್ದೆ. ಆದರೆ ಆಕೆ ಅಳುವುದು ಕೇಳಿದಾಗ ಸಿಟ್ಟು ಉಳಿಸಿಕೊಳ್ಳಲು ನನ್ನಿಂದಾಗಲಿಲ್ಲ.

ಗುರುವಾರ ಫೋನ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. "ಗುಮಾಸ್ತ ಬರೆದಿಟ್ಟಿದೆ. ಅದನ್ನ ಓದೋ ಧೈರ್ಯ ನನಗಿಲ್ಲ. ನೀನೂ ಓದಬೇಡ, ನನ್ನಾಣೆ. ಸುಮ್ಮನೆ ಒತ್ತಿಬಿಡು."

ಕದ್ದು ಕೇಳಿದವನು ಓದದೆ ಇರುವ ಮರ್ಯಾದೆಯನ್ನಾದರೂ ಉಳಿಸಿಕೊಳ್ಳೋಣ ಎಂದುಕೊಂಡೆ. ಮುಖ ಬೇರೆ ಕಡೆ ತಿರುಗಿಸಿ 'ಪ್ರಕಟಿಸಿ' ಎಂಬಲ್ಲಿ ಒತ್ತಿದೆ.

ಆಮೇಲಿನ ಒಂಬತ್ತು ದಿನ ಆಕೆ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಬಾಗಿಲ ಬಳಿ ಬಟ್ಟೆ ಮುಚ್ಚಿಟ್ಟಿದ್ದ ಅಕ್ಕನ ಮಿಷನ್ನಿನ ಧೂಳು ಒರೆಸಿ ಹೊಸ ಸೂಜಿ ಹಾಕಿದಳು. "ಬೈದ್ರೂ ಸರಿ, ಬಂದು ಬೈಲಿ. ಇಲ್ಲಾ, ಬಾ ಅಂತ ಕರೆದು ಬೈಲಿ" ಎಂದು ನನಗೆ ದಿನಕ್ಕೆರಡು ಸಲ ಹೇಳುತ್ತಿದ್ದಳು. ಎದೆಯ ಭಾರ ಇಳಿದವಳಂತೆ ಕಾಣುತ್ತಿದ್ದಳು.

ಹತ್ತನೆಯ ದಿನ ಅಕ್ಕನ ಮಗಳು ಬಂದಳು. "ನಿನ್ನೆ ಬೆಳಿಗ್ಗೆ ಅಮ್ಮ ಹೋದ್ರು" ಎಂದಳು.

ಮೆಕ್ಯಾನಿಕಮ್ಮ ಸ್ಟೂಲಿನ ಮೇಲೆ ಕೂತಳು. ಆಮೇಲೆ ಕೇಳಿದಳು. "ಪೆಡಲ್ ಬಗ್ಗೆ ಬರೆದಿದ್ದನ್ನ ಓದಿ ಹೇಳಿದ್ಯಾ?"

"ಹೇಳಿದೆ. ಎರಡು ಸಲ ಓದಿಸಿಕೊಂಡ್ರು."

"ಏನಂದ್ಳು?"

"ಬೆರಳು ನೋಡ್ಕೊಂಡ್ರು. 'ಅವಳು ಹೇಳೋದು ಸರಿ. ನಾನೇ ಸೂಜಿ ನೋಡ್ಕೋಬೇಕಿತ್ತು' ಅಂದ್ರು."

ನಾನು ಹಲಗೆಯ ಆಚೆಗೆ ಹೋಗಿ ಆಕೆಯ ಫೋನ್ ತೆಗೆದುಕೊಂಡು ಬರಹ ನೋಡಿದೆ. ಪೆಡಲ್ ಬಿಚ್ಚುವುದು, ಸ್ಪ್ರಿಂಗ್ ಒತ್ತಿ ನೋಡುವುದು, ಎಲ್ಲವೂ ಅಚ್ಚುಕಟ್ಟಾಗಿತ್ತು. ಕೊನೆಯಲ್ಲಿ ಅದೇ ಸಾಲು. ಅಕ್ಕನ ಹೆಸರಿಲ್ಲ, ಅಕ್ಕನ ಬೆರಳಿಲ್ಲ. ಕರಡಿನ ಕೆಳಗೆ ಗುಮಾಸ್ತನ ಟಿಪ್ಪಣಿ ಹಾಗೇ ಇತ್ತು: 'ನಿಮ್ಮ ಸೂಚನೆಯಂತೆ ಮನೆಯ ವಿಷಯವನ್ನು ಬಿಟ್ಟಿದ್ದೇನೆ. ಈ ಸಲ ಬಿಟ್ಟ ಭಾಗ ದೊಡ್ಡದು. ನಿಮ್ಮ ಅಕ್ಕನಿಗೆ ಹೇಳಿದ ಮಾತುಗಳು ಅದರಲ್ಲಿವೆ. ಅವು ಬೇಕಿದ್ದರೆ ಪ್ರಕಟಿಸುವ ಮೊದಲು ತಿಳಿಸಿ.' ಅದು ಕೇಳಿತ್ತು. ನಾವು ಮುಖ ತಿರುಗಿಸಿಕೊಂಡಿದ್ದೆವು.

ಫೋನನ್ನು ಆಕೆಗೆ ಕೊಟ್ಟೆ. ಓದಿ ಪಕ್ಕಕ್ಕಿಟ್ಟಳು. ಆಮೇಲೆ ಅಕ್ಕನ ಮಗಳ ಮುಖ ನೋಡಿಕೊಂಡು, ಹಳೆಯ ಸ್ಪ್ರಿಂಗಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ.

ಅಕ್ಕನ ಮಗಳು ನಿಂತೇ ಕೇಳಿಸಿಕೊಂಡಳು. "ಇದನ್ನ ನನಗ್ಯಾಕೆ ಹೇಳ್ತಿದೀರಾ ಚಿಕ್ಕಮ್ಮ?" ಎಂದಳು. "ನಾಲ್ಕೇ ಬೀದಿ. ಅಮ್ಮ ಬೇಡ ಅಂದ್ರೇನು, ಬಾಗಿಲಲ್ಲಿ ನಿಂತು ಕೂಗಿದ್ರೂ ಕೇಳಿಸ್ತಿತ್ತು ಅವರಿಗೆ."

ಮೆಟ್ಟಿಲಿಳಿದು ಹೋದಳು. ಬರಹವನ್ನು ಈಗಲಾದರೂ ಸರಿಪಡಿಸೋಣವೇ ಎಂದು ನಾನು ಕೇಳಿದೆ.

"ಯಾರಿಗೆ ಓದಿಸೋಕೆ?" ಎಂದಳು ಮೆಕ್ಯಾನಿಕಮ್ಮ.