ಸನೇಕ ಬಂದ ಆಕಾಶ

ನಾವು ಬರೆದದ್ದನ್ನು ಓದತೊಡಗಿದರೆ ಸಾಕು, ನದಾಫ್ ಸರ್ ಕಣ್ಣು ಮುಚ್ಚಿಬಿಡುತ್ತಿದ್ದರು. ತಲೆ ಮೆಲ್ಲಗೆ ಒಂದು ಕಡೆ ವಾಲುತ್ತಿತ್ತು. ನಿದ್ದೆ ಹೋದರೆಂದೇ ತಿಳಿದು ನಾವು ಕಿಸಿಕಿಸಿ ನಗುವಷ್ಟರಲ್ಲಿ, ಕಣ್ಣು ತೆರೆಯದೆಯೇ "ಮುಂದ?" ಎನ್ನುತ್ತಿದ್ದರು. ಆ ಒಂದು ಮಾತಿಗೆ ನಾನು ಎಷ್ಟು ಸಲ ಬೆವತಿದ್ದೇನೋ! ನಾನು ಬರೆದದ್ದು ಅಲ್ಲಿಗೇ ಮುಗಿದಿರುತ್ತಿತ್ತು.

ಲಕ್ಷ್ಮೇಶ್ವರದ ಅವರ ಮನೆತನದವರು ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವರು. ಸರ್ ಮಾತ್ರ ಗದಗಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ನಾನು ಅಸುಂಡಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದ, ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗಿ.

ಕಾಲೇಜು ಬಾಗಿಲು ಹಾಕಿ ಪಾಠವೆಲ್ಲ ಮೊಬೈಲಿಗೆ ಬಂದ ವರ್ಷ, ನಮ್ಮ ಬರವಣಿಗೆಯ ಕ್ಲಾಸನ್ನು ಎಲ್ಲಿ ನಡೆಸುವುದೆಂಬ ಚಿಂತೆ ಅವರಿಗೆ ಹತ್ತಿತು. ಮೊದಲು ವಾಟ್ಸಾಪ್ ಗ್ರೂಪ್ ಮಾಡಿದರು. ಒಬ್ಬರು ಬರೆದದ್ದನ್ನು ಉಳಿದವರು ಚರ್ಚಿಸಬೇಕು. ನಾವೆಲ್ಲ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾದೆವು. ಮರುದಿನ ಸರ್ ಧ್ವನಿ ಬಂತು: "ಡಿಗ್ರಿ ಓದೋ ಮಂದಿ ಹೆಬ್ಬಟ್ಟ ಒತ್ತಾಕತ್ತೀರಲ್ಲ! ಸಹಿ ಮಾಡಾಕ ಬರೂದಿಲ್ಲೇನ್ ನಿಮಗ?" ಗ್ರೂಪ್ ಅಂದೇ ಮುಚ್ಚಿತು.

ಆಮೇಲೆ ಯಾರದೋ ಮಾತು ಕೇಳಿ, ತಪ್ಪು ತೋರಿಸುವ ಒಂದು ಆ್ಯಪ್ ಹಾಕಿಸಿದರು. ಅದರಲ್ಲಿ ನಾನು ಬರೆದೆ: 'ಅವ್ವ ಹತ್ತಿ ಬಿಡಸಾಕತ್ತಿದ್ಲು. ನಾ ಹತ್ತಿ ಗುಂಪಿ ಮ್ಯಾಲ ಮಲಗಿದ್ದೆ. ಆಕಾಶ ಸನೇಕ ಬಂದಿತ್ತು.' ಹತ್ತಿರ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಸನೇಕ ಎನ್ನುತ್ತೇವೆ. ಪರದೆ ತುಂಬ ಕೆಂಪು ಗೆರೆ. 'ಸನೇಕ' ತಪ್ಪಂತೆ, 'ಅನೇಕ' ಎಂದಿರಬೇಕಂತೆ. ನಮ್ಮವ್ವನೇ ತಪ್ಪು ಎಂದಷ್ಟು ನೋವಾಯಿತು. ಎಲ್ಲ ಅಳಿಸಿ ಸರ್‌ಗೆ ಫೋನ್ ಮಾಡಿದೆ.

"ಕ್ಲಾಸ್ ಬಿಡ್ತೀನ್ರಿ ಸರ್. ನನಗ ಕನ್ನಡ ಬರೂದಿಲ್ರಿ."

"ಏನ್ ಬರದಿದ್ದಿ? ಹೇಳು."

ಅಳುತ್ತಲೇ ಹೇಳಿದೆ. ಲೈನು ಕಟ್ಟಾಯಿತೇನೋ ಅಂದುಕೊಂಡೆ.

"ಮುಂದ?" ಎಂದರು. "ಯವ್ವಾ, ನಮ್ಮಪ್ಪ ಹಿಂಜಿದ ಹತ್ತಿ ಮ್ಯಾಲ ಮಲಗಿ ನಾನೂ ಆಕಾಶ ನೋಡೀನಿ. ಖರೇನ ಸನೇಕ ಇತ್ತು. ಅವ್ವನ ಮಾತಿಗೆ ಕೆಂಪು ಗೆರಿ ಎಳಿಯೋ ಯಂತ್ರ ನಮಗ ಬ್ಯಾಡ. ನೀ ಬರಿ."

ನಾನು ಕ್ಲಾಸ್ ಬಿಡಲಿಲ್ಲ. ಸರ್ ಆ್ಯಪ್ ಬಿಟ್ಟರು. ಕೊನೆಗೆ ಅವರು ಒಪ್ಪಿದ್ದು ಮೊಬೈಲಿನಲ್ಲೇ ಎಲ್ಲರೂ ಸೇರಿ ಬರೆಯುವ, ಅಂಚಿನಲ್ಲಿ ಮಾತಾಡಿಕೊಳ್ಳುವ ಒಂದು ಹಾಳೆಯನ್ನು. ಅದರಲ್ಲಿ ಕೆಂಪು ಗೆರೆ ಬೇಡವೆಂದರೆ ಬರುತ್ತಿರಲಿಲ್ಲ. ಮಧ್ಯಾಹ್ನ ತೆರೆದರೆ, ಅವರೂ ಹಾಳೆ ತೆರೆದಿದ್ದಾರೆಂದು ತೋರಿಸುವ, ಅವರ ಹೆಸರು ಹೊತ್ತ ಸಣ್ಣ ಗೀಟೊಂದು ನನ್ನ ಸಾಲಿನ ಪಕ್ಕ ಮಿನುಗುತ್ತ ನಿಂತಿರುತ್ತಿತ್ತು. ಬಹಳ ಹೊತ್ತು ಅಲುಗುತ್ತಲೇ ಇರಲಿಲ್ಲ. ನಿದ್ದೆ ಹೋದರೇನೋ ಎನ್ನುವಷ್ಟರಲ್ಲಿ ಅಂಚಿನಲ್ಲಿ ಮೂಡುತ್ತಿತ್ತು: 'ಮುಂದ?'

ಸರ್ ತೀರಿಕೊಂಡು ಎರಡು ವರ್ಷವಾಯಿತು. ನಾನೀಗ ಹುಲಕೋಟಿಯಲ್ಲಿ ಕನ್ನಡ ಕಲಿಸುತ್ತೇನೆ. ಮೊನ್ನೆ ಆ ಹಾಳೆ ತೆರೆದೆ. ನನ್ನ ಕೊನೆಯ ಸಾಲಿನ ಪಕ್ಕ ಅವರ 'ಮುಂದ?' ಹಾಗೆಯೇ ಇತ್ತು. ಅಲ್ಲೇ ಒಂದು ಗುಂಡಿ ಇದೆ. ಒತ್ತಿದರೆ ಮಾತು ಮುಗಿಯಿತೆಂದು ಅರ್ಥ, ಅವರು ಬರೆದದ್ದು ಅಂಚಿನಿಂದ ಮರೆಯಾಗುತ್ತದೆ. ನಾನು ಒತ್ತಲಿಲ್ಲ. ಕೆಳಗೆ ಇನ್ನೊಂದು ಸಾಲು ಬರೆದು, ಸರ್ ಮುಚ್ಚುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿ ಕುಳಿತೆ.

ಕಣ್ಣು ತೆರೆದಾಗ ಹಾಳೆಯ ಮೇಲೆ ನನ್ನ ಗೀಟೊಂದೇ ಮಿನುಗುತ್ತಿತ್ತು.