ಅವ್ವನ ಅಕ್ಕಡಿ ಸಾಲು

ಮೊನ್ನೆ ಯಾದಗಿರಿಯ ನಮ್ಮ ಬಾಡಿಗೆ ಮನೆಯ ಕೆಳಗಿನವರು ಕುಸುಬಿ ಎಣ್ಣೆ ಕಾಯಿಸಿದರು. ಗಾಣದಿಂದ ತಂದ ಎಣ್ಣೆಯೇ ಇರಬೇಕು, ಬಾಟಲಿಯ ಎಣ್ಣೆಗೆ ಆ ವಾಸನೆ ಬರುವುದಿಲ್ಲ. ಮೊದಲು ಸ್ವಲ್ಪ ಕಮಟು ಅನ್ನಿಸಿ, ಬೆಳ್ಳುಳ್ಳಿ ಬಿದ್ದ ಕೂಡಲೇ ಬಾಯಲ್ಲಿ ನೀರು ತರಿಸುವ ಆ ವಾಸನೆ ಮೆಟ್ಟಿಲು ಹತ್ತಿ ನನ್ನ ಅಡುಗೆಮನೆಗೆ ಬಂತು. ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ನಿಂತೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಬದಿಯ ನಮ್ಮ ಊರು, ಆ ಕರಿಮಣ್ಣಿನ ಹೊಲ, ಒಲೆಯ ಮುಂದೆ ಒಂದು ಮೊಣಕಾಲು ಎತ್ತಿ ಕೂತು ರೊಟ್ಟಿ ಬಡಿಯುವ ಅವ್ವ, ಎಲ್ಲ ಬಂದರು. ಅವರ ಹಿಂದೆಯೇ ಸಿಟ್ಟೂ ಬಂತು. ನೆನಪು ಬಂದರೆ ಕಣ್ಣು ತುಂಬುತ್ತದೆ ಅನ್ನುತ್ತಾರೆ, ನನಗೆ ಮೊದಲು ಮೈ ಉರಿಯುತ್ತದೆ.

ಯಾಕೆ ಉರಿಯುತ್ತದೆ ಅಂದರೆ, ಆ ಊಟವನ್ನು ಜನ ಬಡತನ ಅಂತ ಕರೆಯುತ್ತಾರೆ. ಈಚೆಗೆ ಒಂದು ಮದುವೆಯ ಪಂಕ್ತಿಯಲ್ಲಿ ನಮ್ಮ ಸಂಬಂಧಿಕರೊಬ್ಬರು ಎಲೆಯ ಮೇಲಿನ ಅನ್ನ ಕಲಸುತ್ತಾ ಹೇಳಿದರು, "ಕಾಲುವಿ ಬರೂತನಕ ನಾವು ಏನ್ ಉಂಡೀವಿ ಹೇಳ್ರಿ? ರೊಟ್ಟಿ, ಪುಂಡಿಪಲ್ಯ. ಬ್ಯಾರೆ ಏನಿತ್ತು?" ಪಂಕ್ತಿಯಲ್ಲಿದ್ದವರೆಲ್ಲ ಹೌದು ಹೌದು ಅಂತ ನಕ್ಕರು. ಪುಂಡಿಪಲ್ಯ ಮಾಡುವುದು ಇವರಿಗೆ ಗೊತ್ತೇ? ಹುಳಿ ಎಲೆಯನ್ನು ಹದವಾಗಿ ಬೇಯಿಸಿ, ಜೋಳದ ನುಚ್ಚು, ಒಂದು ಹಿಡಿ ಬೇಳೆ, ಹಸಿಮೆಣಸಿನಕಾಯಿ ಹಾಕಿ, ಕಡೆಗೋಲಿನಿಂದ ತಿರುವಿ, ಮೇಲೆ ಕುಸುಬಿ ಎಣ್ಣೆಯ ಒಗ್ಗರಣೆ ಕೊಟ್ಟರೆ ಅದು ಎರಡು ದಿನವಾದರೂ ಕೆಡುವುದಿಲ್ಲ. ಎರಡನೆಯ ದಿನವೇ ಹೆಚ್ಚು ರುಚಿ.

ನಮ್ಮ ಮನೆಯಲ್ಲಿ ರೊಕ್ಕ ಇರಲಿಲ್ಲ, ಅದು ನಿಜ. ಅಂಗಡಿಯಿಂದ ಬರುತ್ತಿದ್ದದ್ದು ಉಪ್ಪು, ಬೆಲ್ಲ, ಚಿಮಣಿ ಎಣ್ಣೆ, ಅಷ್ಟೇ. ಆದರೆ ಅವ್ವ ನಮ್ಮ ತಾಟಿಗೆ ಬರೀ ರೊಟ್ಟಿಯನ್ನು ಒಂದು ದಿನವೂ ಹಾಕಲಿಲ್ಲ. ರೊಟ್ಟಿಯ ಮಗ್ಗುಲಿಗೆ ಒಂದು ಸೊಪ್ಪು, ಒಂದು ಕಾಳು, ಒಂದು ಹಿಂಡಿ ಇರಲೇಬೇಕು, ಅದು ಅವಳ ಹಟ. ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ, ಗುರೆಳ್ಳಿನದೋ ಅಗಸಿಯದೋ, ಖಾರ ಬೆಳ್ಳುಳ್ಳಿ ಸೇರಿಸಿ ಕುಟ್ಟಿದ್ದು. ಚಳಿಗಾಲದಲ್ಲಿ ಎಳೆಯ ಕುಸುಬಿ ಸೊಪ್ಪು ಇರುತ್ತಿತ್ತು, ಮುಳ್ಳು ಬಲಿಯುವ ಮೊದಲೇ ಚಿವುಟಿ ತಂದದ್ದು. ಮೊಳಕೆ ಬಂದ ಮಡಿಕೆ ಕಾಳಿನ ಉಸಳಿ ಆದ ದಿನ ನಾನು ಮತ್ತು ಅಣ್ಣ ತಾಟು ನೆಕ್ಕಿ ಏಳುತ್ತಿದ್ದೆವು. ಎಮ್ಮೆ ಬತ್ತಿದ ತಿಂಗಳುಗಳಲ್ಲಿ ಹಬ್ಬ ಬಂದರೂ ಅವ್ವ ಕಂಗೆಡುತ್ತಿರಲಿಲ್ಲ. ಕುಸುಬಿ ಕಾಳು ನೆನೆಸಿ ರುಬ್ಬಿ, ಬಿಳಿ ಬಟ್ಟೆಯಲ್ಲಿ ಹಿಂಡಿದರೆ ಗಟ್ಟಿ ಹಾಲು ಬರುತ್ತದೆ. ಅದಕ್ಕೆ ಬೆಲ್ಲ, ಕುಟ್ಟಿದ ಗೋಧಿ ಹಾಕಿ ಹುಗ್ಗಿ ಮಾಡುತ್ತಿದ್ದಳು. ಆ ಹುಗ್ಗಿ ಉಂಡವರು ಬಡವರಂತೆ!

ಇಷ್ಟೆಲ್ಲ ಎಲ್ಲಿಂದ ಬರುತ್ತಿತ್ತು ಎಂದು ನೀವು ಕೇಳಬಹುದು. ಹೊಲದಿಂದಲೇ, ಆದರೆ ಅಪ್ಪನ ಬೆಳೆಯಿಂದಲ್ಲ. ಜೋಳ ಬಿತ್ತುವಾಗ ಕೂರಿಗೆಯ ಹಿಂದೆ ಹಗ್ಗದಿಂದ ಒಂದು ಬಿದಿರಿನ ಕೊಳವೆ ಕಟ್ಟಿರುತ್ತಿದ್ದರು. ಅದನ್ನು ಹಿಡಿದು ಅವ್ವ ನಡೆಯುತ್ತಿದ್ದಳು, ಉಡಿಯಲ್ಲಿ ಕಲಸಿಕೊಂಡ ಬೀಜವನ್ನು ಅದರೊಳಗೆ ಬಿಡುತ್ತಾ. ಜೋಳದ ಕೆಲವು ಸಾಲುಗಳ ನಡುವೆ ಅವಳದೊಂದು ಸಾಲು ಬೀಳುತ್ತಿತ್ತು. ಅದೇ ಅಕ್ಕಡಿ. ಮುಂಗಾರಿನಲ್ಲಿ ಹೆಸರು, ಮಡಿಕೆ, ಅಲಸಂದಿ, ಪುಂಡಿ, ಗುರೆಳ್ಳು; ಹಿಂಗಾರಿನಲ್ಲಿ ಕುಸುಬಿ, ಅಗಸಿ. ಹೊಲ ಗಂಡಸರದು, ಅಕ್ಕಡಿ ಹೆಂಗಸರದು. ಬಿತ್ತುವವರೂ ಅವರೇ, ಬಿಡಿಸುವವರೂ ಅವರೇ. ಎಷ್ಟು ಬಂತು, ಎಲ್ಲಿಟ್ಟೆ, ಯಾರಿಗೆ ಕೊಟ್ಟೆ ಎಂದು ಗಂಡಸರು ಕೇಳುವಂತಿರಲಿಲ್ಲ. ಕೇಳಿದರೆ ಮರ್ಯಾದೆಗೇಡು.

ಆ ಅಕ್ಕಡಿಯಲ್ಲಿ ಇನ್ನೊಬ್ಬಳ ಪಾಲಿತ್ತು. ಅಪ್ಪನ ತಂಗಿ ನೀಲತ್ತೆ. ಅವಳನ್ನು ಮುದನಾಳಕ್ಕೆ ಕೊಟ್ಟಿದ್ದರು. ಆಗ ಹೆಣ್ಣುಮಕ್ಕಳಿಗೆ ಹೊಲದಲ್ಲಿ ಪಾಲು ಕೊಡುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಬಸ್ಸಿಳಿದು ನೆಟ್ಟಗೆ ಒಳಕೋಣೆಗೆ ಹೋಗಿ, ಸಾಲಾಗಿಟ್ಟ ಗಡಿಗೆಗಳ ಮುಚ್ಚಳ ತೆಗೆದು, ತನ್ನ ಕೈಯಿಂದ ತಾನೇ ಗಂಟು ತುಂಬಿಕೊಳ್ಳುತ್ತಿದ್ದಳು. ಅವ್ವ ಅಳೆದು ಕೊಡುತ್ತಿರಲಿಲ್ಲ, ನಿಂತು ನೋಡುತ್ತಲೂ ಇರಲಿಲ್ಲ. ಆ ಹೊತ್ತಿಗೆ ಅಪ್ಪ ಮನೆಯಲ್ಲಿದ್ದರೆ ಎದ್ದು ದನದ ಕೊಟ್ಟಿಗೆಯ ಕಡೆ ಹೋಗಿಬಿಡುತ್ತಿದ್ದ. ಗಂಟು ಕಟ್ಟಿದ ಮೇಲೆ ಅತ್ತೆ ಅದರ ಮೇಲೆ ಕೈಯಿಟ್ಟು, "ನಮ್ಮ ಹೊಲದ್ದು" ಅನ್ನುತ್ತಿದ್ದಳು. ಆ "ನಮ್ಮ" ಅನ್ನುವ ಮಾತನ್ನು ಅವಳು ಎಷ್ಟು ನೆಮ್ಮದಿಯಿಂದ ಆಡುತ್ತಿದ್ದಳು!

ಆಮೇಲೆ ಕಾಲುವೆ ಬಂತು. ನೀರಿನ ಮೇಲೆ ನನಗೆ ಸಿಟ್ಟಿಲ್ಲ, ಅದು ಬಂದ ದಿನ ಕುಣಿದವರಲ್ಲಿ ನಾನೂ ಒಬ್ಬಳು. ಸಿಟ್ಟು ಇರುವುದು ಕಟ್ಟೆಯ ಮೇಲೆ ಕೂತು ಗಂಡಸರು ಮಾಡಿದ ವಿಚಾರದ ಮೇಲೆ. ಜೋಳಕ್ಕಿಂತ ಭತ್ತ ಲಾಭ, ಹೊಲ ಮಟ್ಟ ಮಾಡಿ ಗದ್ದೆ ಮಾಡೋಣ ಎಂದು ತೀರ್ಮಾನಿಸಿದರು. ಜೋಳ ಎಷ್ಟು, ಭತ್ತ ಎಷ್ಟು ಎಂದು ತೂಗಿದವರಿಗೆ ಅಕ್ಕಡಿ ನೆನಪೇ ಆಗಲಿಲ್ಲ. ಹೆಂಗಸರದನ್ನು ಕೇಳಬಾರದು ಎಂದು ತಲೆಮಾರುಗಳಿಂದ ಕೇಳದೇ ಇದ್ದು ಇದ್ದು, ಅದು ಇದೆ ಅನ್ನುವುದನ್ನೇ ಮರೆತಿದ್ದರು. ನಾವು ದಿನಾ ಉಂಡದ್ದು ಅವರ ಪಾಲಿಗೆ ಬೆಳೆಯೇ ಅಲ್ಲ!

ಅವ್ವ ಒಮ್ಮೆ ಬಾಯಿಬಿಟ್ಟು ಕೇಳಿದಳು. "ಭತ್ತ ಹಚ್ರಿ, ನಾ ಬ್ಯಾಡ ಅನ್ನಂಗಿಲ್ಲ. ನನ್ನ ಸಾಲಿಗಿ ಒಂದೀಟು ಜಾಗ ಬಿಡ್ರಿ."

"ಗದ್ದ್ಯಾಗ ಅಕ್ಕಡಿ ಎಲ್ಲಿ ಬರ್ತದ? ಬದುವಿನ ಮ್ಯಾಲ ಹಾಕ್ಕೋ," ಅಂದ ಅಪ್ಪ. "ಇನ್ನ ಮ್ಯಾಲ ರೊಕ್ಕ ಬರ್ತದ. ಕಾಳು ಅಂಗಡ್ಯಾಗ ತರೂಣು."

ಅವ್ವ ಬದುವಿನ ಮೇಲೆ ಹಾಕಿದಳು. ಗದ್ದೆಯ ನೀರು ಜಿನುಗಿ ಬದು ಸದಾ ಹಸಿ. ಕುಸುಬಿಗೆ ನಿಂತ ನೀರು ಆಗುವುದಿಲ್ಲ, ಗೇಣುದ್ದ ಆಗುವಷ್ಟರಲ್ಲಿ ಬೇರು ಕೊಳೆತು ಮಲಗಿತು. ಪುಂಡಿ ಮಾತ್ರ ಹಟ ಹಿಡಿದು ಎದ್ದಿತ್ತು. ಒಂದು ದಿನ ಅಪ್ಪ ಬದುವಿನ ಮೇಲೆ ಕಸ ಸಾಯುವ ಎಣ್ಣೆ, ಅಂದರೆ ಕಳೆನಾಶಕ, ಹೊಡೆಸಿದ; ಪುಂಡಿಯೂ ಸುಟ್ಟುಹೋಯಿತು. ಅವ್ವ ಆ ಒಣಗಿದ ಗಿಡಗಳನ್ನು ಕಿತ್ತು ತಂದು ಅಪ್ಪ ಉಣ್ಣಲು ಕೂತಿದ್ದ ಕಡೆ ನೆಲಕ್ಕೆ ಹಾಕಿದಳು. "ಇದು ಕಸ ಅಲ್ರಿ," ಅಂದಳು. ಅಪ್ಪ ತಾಟು ನೋಡುತ್ತಾ ಉಂಡು ಎದ್ದ. ಆ ತಾಟಿನಲ್ಲಿ ಇದ್ದದ್ದು ಅನ್ನ ಮತ್ತು ನೀರಾದ ಸಾರು. ಮನೆಗೆ ರೊಕ್ಕ ಬರುತ್ತಿತ್ತು, ಮೋಟರ್ ಸೈಕಲ್ಲೂ ಬಂತು. ಆದರೆ ಅಡುಗೆಗೆ ಬೇಕಾದದ್ದಕ್ಕೆಲ್ಲ ಅವ್ವ ಈಗ ಅಪ್ಪನ ಮುಂದೆ ಕೈಯೊಡ್ಡಬೇಕಿತ್ತು. ಅವಳಿಗೆ ಅದು ಬಾರದ ವಿದ್ಯೆ. ಕೇಳುವುದಕ್ಕಿಂತ ಸಾರಿಗೆ ಇನ್ನೊಂದು ಚೆಂಬು ನೀರು ಹಾಕುವುದೇ ಅವಳಿಗೆ ಸುಲಭವಾಯಿತು. ಬಡತನ ಎಂದು ಕರೆಯುವುದಾದರೆ ಅದನ್ನು ಕರೆಯಿರಿ.

ಆ ವರ್ಷವೂ ಸುಗ್ಗಿ ಮುಗಿದ ಮೇಲೆ ನೀಲತ್ತೆ ಬಂದಳು. ಅವ್ವ ಮೊದಲೇ ಶಹಾಪುರದ ಸಂತೆಯಿಂದ ಕಾಳು ತರಿಸಿ ಗಡಿಗೆಗಳಲ್ಲಿ ತುಂಬಿಟ್ಟಿದ್ದಳು. ಅತ್ತೆ ಎಂದಿನಂತೆ ಒಳಕೋಣೆಗೆ ಹೋಗಿ ಹೆಸರಿನ ಗಡಿಗೆಗೆ ಕೈಹಾಕಿದಳು. ಅಂಗೈಯಲ್ಲಿ ಕಾಳು ಹಿಡಿದು ಬಾಗಿಲ ಬೆಳಕಿಗೆ ತಂದಳು. ಕಲಸಿ ಬಿತ್ತಿದ ಹೊಲದ ಹೆಸರಿನಲ್ಲಿ ನಾಲ್ಕಾರು ಅಲಸಂದಿ, ಒಂದೆರಡು ಮಡಿಕೆ ಇದ್ದೇ ಇರುತ್ತವೆ. ಇದರಲ್ಲಿ ಬರೀ ಹೆಸರು, ನುಣ್ಣಗೆ, ಒಂದೇ ಅಳತೆ.

"ವೈನಿ, ಇದು ಅಂಗಡಿದು."

"ಹೌದವ್ವ. ಹೊಲದಾಗ ಬರ್ಲಿಲ್ಲ," ಅಂದಳು ಅವ್ವ. "ನೀ ಬರೇ ಕೈಲೆ ಹೋಗಬಾರ್ದಂತ ತರಿಸೀನಿ. ತುಂಬ್ಕೋ."

"ಮುದನಾಳದಾಗ ಅಂಗಡಿ ಇಲ್ಲೇನು?" ಅತ್ತೆ ಕಾಳನ್ನು ಗಡಿಗೆಗೆ ಸುರಿದು ಮುಚ್ಚಳ ಹಾಕಿದಳು. ಮಾತು ಕೇಳಿ ಅಪ್ಪ ಕೊಟ್ಟಿಗೆಯಿಂದ ಬಂದ. "ಕಾಳು ಯಾಕ ನೀಲಾ? ಒಂದು ಚೀಲ ಅಕ್ಕಿ ಒಯ್ಯಿ. ನಾ ಬಸ್ಸಿಗಿ ಏರಿಸ್ತೀನಿ."

"ಅಕ್ಕಿ ನಿಂದು ಅಣ್ಣಾ," ಅಂದಳು ಅತ್ತೆ. "ನಂದು ಎಲ್ಲದ?"

ಅಪ್ಪನಿಗೆ ಅರ್ಥವಾಗಲಿಲ್ಲ. ತಂಗಿಗೆ ಸೊಕ್ಕು ಬಂದಿದೆ ಎಂದುಕೊಂಡ. ಆದರೂ ಪ್ರತಿ ವರ್ಷ ಯಾರ ಕೈಯಲ್ಲಾದರೂ ಮುದನಾಳಕ್ಕೆ ಅಕ್ಕಿ ಕಳಿಸಿದ. ಅತ್ತೆ ಸುಗ್ಗಿಗೆ ಮತ್ತೆ ಬರಲಿಲ್ಲ. ಮದುವೆ, ಸಾವು ಅಂತ ಬಂದರೆ ಪಡಸಾಲೆಯಲ್ಲಿ ಕೂತು, ಕೊಟ್ಟ ಚಹಾ ಕುಡಿದು, ಬೀಗರ ಹಾಗೆ ಎದ್ದು ಹೋಗುತ್ತಿದ್ದಳು. ಒಳಕೋಣೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹುಟ್ಟಿದ ಮನೆಯಲ್ಲಿ ಅವಳನ್ನು ಹಾಗೆ ಕೂರಿಸಿದರಲ್ಲ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನೀಲತ್ತೆ ತೀರಿಕೊಂಡಾಗ ಮಣ್ಣು ಮುಗಿಸಿ ಅಪ್ಪ, ಅವ್ವ, ನಾನು ಮೂವರೂ ಮುದನಾಳದಿಂದ ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆವು. ಅಪ್ಪ ಅತ್ತು ಅತ್ತು ಸೋತಿದ್ದ. "ಯಾವ ವರ್ಷನೂ ತಪ್ಪಿಸಿಲ್ಲ, ಅಕ್ಕಿ ಕಳಿಸೀನಿ," ಅಂದ. "ನಾ ಆಕಿಗಿ ಏನ್ ಕಡಿಮಿ ಮಾಡೀನಿ?"

ಅವ್ವ ಅವನ ಕೈಯನ್ನು ಹಿಡಿದುಕೊಂಡೇ ಹೇಳಿದಳು, "ಆಕಿದು ಕಸ್ಕೊಂಡು ನಿಮ್ದು ಕೊಟ್ರಿ."

ಈಗ ಅವರಿಬ್ಬರೂ ಇಲ್ಲ. ಹೊಲ ಅಣ್ಣನದು. ಅವನು ಒಳ್ಳೆಯವನು, ಭತ್ತ ಬಂದ ಕೂಡಲೇ ನನಗೆ ಒಂದು ಚೀಲ ಅಕ್ಕಿ ಕಳಿಸುತ್ತಾನೆ, ಮುಟ್ಟಿತೇ ಎಂದು ಫೋನು ಮಾಡಿ ಕೇಳುತ್ತಾನೆ. ಮುಟ್ಟಿತು ಅನ್ನುತ್ತೇನೆ. ಅಕ್ಕಿ ಚೆನ್ನಾಗಿದೆ ಅಂತಲೂ ಹೇಳುತ್ತೇನೆ, ಅದು ಸುಳ್ಳಲ್ಲ. ನೆರೆಯವರು ಎಲ್ಲಿಯ ಅಕ್ಕಿ ಎಂದು ಕೇಳಿದಾಗ ಮಾತ್ರ, ನಮ್ಮ ಹೊಲದ್ದು ಅನ್ನಲು ಬಾಯಿ ಬರುವುದಿಲ್ಲ. ಅಣ್ಣ ಕಳಿಸಿದ್ದು ಅನ್ನುತ್ತೇನೆ.