ಕೆಂಪು ಗುಂಡಿಯ ಎರಡು ಗೆರೆಗಳು

ಬೆಳಗಿನ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನಾನು ಕೆಂಪು ಗುಂಡಿ ಒತ್ತಿದೆ. ಫೋನಿನ ಪರದೆಯ ಮೇಲ್ತುದಿಯಲ್ಲಿ ಆ ಹೊತ್ತು ಕಾಣುತ್ತಿತ್ತು, ಅದಕ್ಕೇ ಇಷ್ಟು ಖಚಿತವಾಗಿ ಹೇಳಬಲ್ಲೆ. ಅದಾಗಿ ವರ್ಷಗಳೇ ಕಳೆದವು. ಹೋದ ವಾರ ಹಿಟ್ನಾಳದ ಹತ್ತಿರ ಬಸ್ಸು ನಿಂತಾಗ ಕಿಟಕಿಯಿಂದ ವಾರ್ನಿಶ್ ವಾಸನೆ ಒಳಗೆ ಬಂತು. ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಯಾರೋ ಹೊಸದಾಗಿ ತಂತಿ ಸುತ್ತಿದ ಮೋಟರಿಗೆ ವಾರ್ನಿಶ್ ಹೊಯ್ದು ಬಿಸಿಲಿಗೆ ಇಟ್ಟಿದ್ದರು. ಪಕ್ಕದಲ್ಲಿ ಕೂತಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಸೀಟಿನ ಕಂಬಿ ಹಿಡಿದುಕೊಂಡು ಒಂದರಿಂದ ಅರವತ್ತರವರೆಗೆ ಎಣಿಸತೊಡಗಿದೆ... ಯಾರೂ ಹೇಳದೆಯೇ, ಬಾಯಿ ತಾನಾಗಿ.

ಆ ವಾಸನೆ ಭಾಗ್ಯನಗರದ ನಮ್ಮ ಓಣಿಯದು. ನಮ್ಮ ಮನೆಯ ಗೋಡೆಗೆ ತಾಗಿ ಮೋಟರ್ ವೈಂಡಿಂಗ್ ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದವರನ್ನು ಓಣಿಯ ಮಕ್ಕಳೆಲ್ಲ ಕಾಕಾ ಎನ್ನುತ್ತಿದ್ದೆವು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಸುಟ್ಟ ಪಂಪ್‌ಸೆಟ್ಟುಗಳು ಅವರ ಬಾಗಿಲಿಗೆ ಬರುತ್ತಿದ್ದವು. ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಅವರೇ ಹೋಗುತ್ತಿದ್ದರು. ತೊಂಬತ್ತೇಳರಲ್ಲಿ ನಾನು ಎರಡನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಅವರ ಅಂಗಡಿಯ ಮೆಟ್ಟಿಲ ಮೇಲೆ ಕೂತು, ತಾಮ್ರದ ತಂತಿಯ ತುಂಡು ಆರಿಸಿ ಬಳೆ ಮಾಡಿಕೊಳ್ಳುತ್ತಿದ್ದೆ. ಅವರು ಕೆಲಸ ಮಾಡುತ್ತಲೇ ಮಾತಾಡುತ್ತಿದ್ದರು. ಯಾರಾದರೂ ಹಳೆಯ ಸ್ಟಾರ್ಟರ್ ಪೆಟ್ಟಿಗೆ ತಂದು ಇದನ್ನೇ ಬೇರೆ ಮೋಟರಿಗೆ ಹಾಕಿಕೊಡಿ ಎಂದರೆ, ಕಾಕಾ ಮೊದಲು ಅದರೊಳಗಿನ ತಂತಿಗಳನ್ನೆಲ್ಲ ಕಿತ್ತು ನೆಲಕ್ಕೆ ಹಾಕುತ್ತಿದ್ದರು.

"ಛಲೋ ಅದಾವಲ್ಲ ಕಾಕಾ, ಯಾಕ ಕೀಳತೀರಿ?" ಎಂದು ನಾನು ಒಮ್ಮೆ ಕೇಳಿದ್ದೆ.

"ಹಿಂದಿನವ ಯಾವುದಕ್ಕ ಯಾವುದು ಕಟ್ಟ್ಯಾನೋ ನಿನಗ ಗೊತ್ತೈತೇನು? ಪೆಟಗಿ ಹಳೇದು ಇರ್ಲಿ, ವಾಯರ್ ಮಾತ್ರ ನಮ್ಮ ಕೈಲೇ ಹಾಕಿದ್ದು ಇರಬೇಕು ತಂಗಿ."

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಯಾವ ಯಂತ್ರಕ್ಕೆ ಕೈ ಹಾಕುವುದಿದ್ದರೂ ಮೊದಲು ಪ್ಯಾನಲ್ ಬೋರ್ಡಿನಿಂದ ಮೂರೂ ಫ್ಯೂಜು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಫ್ಯೂಜು ತಮ್ಮ ಕಿಸೆಯಲ್ಲಿದ್ದರೆ ಯಾವ ಮಗನೂ ಮೋಟರ್ ಚಾಲೂ ಮಾಡಲಾರ ಎಂಬುದು ಅವರ ಲೆಕ್ಕ. ನಡೆದರೆ ಅವು ಖಣಖಣ ಎನ್ನುತ್ತಿದ್ದವು. ಗಿರಣಿಯ ಹಮಾಲರು ಚೇಷ್ಟೆ ಮಾಡುತ್ತಿದ್ದರು: "ನೋಡ್ರೋ, ಕಾಕಾನ ಕಿಸೇದಾಗ ಇಡೀ ಗಂಗಾವತಿ ಕರೆಂಟ್ ಹೊಂಟೈತಿ." ಕಾಕಾ ತಿರುಗಿ, "ಹೌದಲೇ, ನಿಮ್ಮ ಮನ್ಯಾಗ ಫ್ಯಾನ್ ತಿರಗಬೇಕಂದ್ರ ನಿನ್ನ ಹೇಣ್ತಿ ನನ್ನ ಕೇಳಬೇಕು" ಎನ್ನುತ್ತಿದ್ದರು.

ನಾನು ಕಂಪ್ಯೂಟರ್ ಇಂಜಿನಿಯರಿಂಗ್ ಓದಿ ಕೊಪ್ಪಳದಲ್ಲೇ ಒಂದು ಸಣ್ಣ ಆಫೀಸು ಸೇರಿದೆ. ಎರಡು ಕೋಣೆ, ನಾಲ್ಕು ಜನ. ಮೊಬೈಲ್ ಆ್ಯಪ್ ಮಾಡಿಕೊಡುವುದು ನಮ್ಮ ಕೆಲಸ. ಕಾಕಾ ಹೋಗುತ್ತಿದ್ದ ಗಿರಣಿಯೊಂದರ ಸಾಹುಕಾರರಿಗೆ ತಮ್ಮ ದುಬಾರಿ ಫೋನಿನಿಂದಲೇ ಗಿರಣಿಯ ಮೋಟರ್ ಚಾಲೂ, ಬಂದ್ ಮಾಡುವ ಆಸೆ ಹುಟ್ಟಿತು. ಅವರಿಗೆ ನನ್ನ ಹೆಸರು ಹೇಳಿದ್ದು ಕಾಕಾ. ಪ್ಯಾನಲ್ ಬೋರ್ಡಿನಲ್ಲಿ ಸಿಮ್ ಹಾಕಿದ ಸಣ್ಣ ಪೆಟ್ಟಿಗೆ ಕೂರಿಸುವ ಕೆಲಸ ಕಾಕಾನದು, ಆ್ಯಪ್ ನನ್ನದು.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಪರದೆಯ ಮೇಲೆ ಒಂದು ಗುಂಡಿ ಇಟ್ಟ ಮಾತ್ರಕ್ಕೆ ಅದು ಏನೂ ಮಾಡುವುದಿಲ್ಲ. ಅದು ಬರೀ ಚಿತ್ರ. ಗುಂಡಿಯಿಂದ ಮೌಸಿನಲ್ಲಿ ಒಂದು ಗೆರೆ ಎಳೆದು, ಕೋಡಿನಲ್ಲಿ ಆ ಕೆಲಸ ಬರೆದಿಟ್ಟ ಸಾಲಿಗೆ ಮುಟ್ಟಿಸಬೇಕು. ಗೆರೆ ಮುಟ್ಟಿದಾಗ ಗುಂಡಿಗೆ ಜೀವ. ನಾನು ಹಸಿರು ಗುಂಡಿ ಇಟ್ಟೆ, 'ಚಾಲೂ' ಎಂದು ಬರೆದೆ, ಗೆರೆ ಎಳೆದೆ. ಕೆಂಪು ಗುಂಡಿಯನ್ನು ಹೊಸದಾಗಿ ಮಾಡಲು ಬೇಸರವಾಯಿತು. ಅದೇ ಅಳತೆ, ಅದೇ ಅಕ್ಷರ ಬರಲಿ ಎಂದು ಹಸಿರು ಗುಂಡಿಯನ್ನೇ ನಕಲು ಮಾಡಿ, ಬಣ್ಣ ಬದಲಿಸಿ, 'ಬಂದ್' ಎಂದು ಬರೆದು, ಬಂದ್ ಮಾಡುವ ಸಾಲಿಗೆ ಗೆರೆ ಎಳೆದೆ. ಗುಂಡಿ ನಕಲಾದಾಗ ಅದರ ಹಳೆಯ ಗೆರೆಯೂ ನಕಲಾಗಿ ಬಂದಿತ್ತು. ನಾನು ತೆಗೆದು ನೋಡಲಿಲ್ಲ. ಆ ಮೆಟ್ಟಿಲ ಮೇಲೆ ಅಷ್ಟು ವರ್ಷ ಕೂತವಳು ನಾನು... ತೆಗೆದು ನೋಡಲಿಲ್ಲ.

ಹಾಗಾಗಿ ಕೆಂಪು ಗುಂಡಿ ಒತ್ತಿದರೆ ಎರಡು ಸಂದೇಶ ಹೋಗುತ್ತಿದ್ದವು: ಮೊದಲು ಚಾಲೂ, ಅದರ ಬೆನ್ನಿಗೇ ಬಂದ್. ಆಫೀಸಿನಲ್ಲಿ ಮೋಟರ್ ಬದಲು ಒಂದು ಬಲ್ಬ್ ಕಟ್ಟಿ ಪರೀಕ್ಷೆ ಮಾಡಿದೆವು. ಕೊನೆಗೆ ಬಂದದ್ದು ಬಂದ್ ತಾನೇ, ಬಲ್ಬ್ ಆರಿತು. ಚಪ್ಪಾಳೆ ತಟ್ಟಿ ಚಹಾ ಕುಡಿದೆವು. ಆದರೆ ಗಿರಣಿಯ ಪ್ಯಾನಲ್ಲಿನಲ್ಲಿ ಕಾಕಾ ಎಷ್ಟೋ ವರ್ಷದ ಹಿಂದೆಯೇ ಹಾಕಿದ ಟೈಮರ್ ಇತ್ತು. ಚಾಲೂ ಎಂದರೆ ಒಂದು ನಿಮಿಷ ಕಾದು ಮೋಟರ್ ಎಬ್ಬಿಸುವುದು ಅದರ ಕೆಲಸ. ನಮ್ಮ ಬಂದ್ ಸಂದೇಶ ಓಡುತ್ತಿದ್ದ ಮೋಟರನ್ನು ನಿಲ್ಲಿಸುತ್ತಿತ್ತು, ಎಣಿಸುತ್ತಿದ್ದ ಟೈಮರನ್ನು ನಿಲ್ಲಿಸುತ್ತಿರಲಿಲ್ಲ. ಕೈಯಿಂದ ಒತ್ತುವ ಕಾಲದಲ್ಲಿ ಎರಡೂ ಗುಂಡಿಯನ್ನು ಒಟ್ಟಿಗೆ ಒತ್ತುವ ಹುಚ್ಚ ಯಾರೂ ಇರಲಿಲ್ಲ.

ಆ ದಿನ ಸಾಹುಕಾರರು ಆ್ಯಪ್ ತೋರಿಸಲೆಂದು ಬೇರೆ ಗಿರಣಿಯ ಇಬ್ಬರು ಸಾಹುಕಾರರನ್ನು ಕರೆಸಿದ್ದರು. ಫೋನು ನನ್ನ ಕೈಯಲ್ಲಿತ್ತು. ಗಿರಣಿಯಲ್ಲಿ ಕೆಂಪು ಗುಂಡಿ ಒತ್ತುವುದು ಅದೇ ಮೊದಲು. ಭತ್ತವನ್ನು ಮೇಲಕ್ಕೆ ಒಯ್ಯುವ ಎಲಿವೇಟರಿನ ಬುಡದಲ್ಲಿ ಹಸಿ ಭತ್ತ ಕಟ್ಟಿಕೊಂಡಿತು, ಕೈಯಿಂದಲೇ ತೆಗೆಯಬೇಕು. "ಬಂದ್ ಮಾಡವ್ವ" ಎಂದರು ಸಾಹುಕಾರರು. ಒತ್ತಿದೆ. ಎಲಿವೇಟರ್ ನಿಂತಿತು. ಪರದೆಯ ಮೇಲೆ 'ಮೋಟರ್ ಬಂದ್ ಆಗಿದೆ' ಎಂದು ಬಂತು. ಕಾಕಾ ಎಂದಿನಂತೆ ಫ್ಯೂಜು ಕೀಳಲು ಪ್ಯಾನಲ್ಲಿನ ಕಡೆ ಹೊರಟರು.

"ಏ ಮೇಸ್ತ್ರಿ, ಎಲ್ಲಿಗೆ ಹೊಂಟಿ? ಫೋನಿನ ಮ್ಯಾಲ ನಂಬಿಗಿ ಇಲ್ಲಂತ ನೀನಽ ತೋರಿಸಿದ್ರ ಇವರು ಹ್ಯಾಂಗ ನಂಬತಾರ?" ಎಂದರು ಸಾಹುಕಾರರು.

"ನಿಮ್ಮ ಫೋನ್ ನಿಮಗ ಛಲೋ ರೀ ಸಾವ್ಕಾರ್ರ. ಒಳಗ ಹೋಗೂದು ನನ್ನ ಕೈ."

ಬಂದವರು ನಕ್ಕರು. ನನಗೆ ಅವಮಾನವಾಯಿತು. ನನ್ನ ಕೆಲಸವನ್ನು ನನ್ನ ಓಣಿಯವರೇ ನಂಬುತ್ತಿಲ್ಲವಲ್ಲ ಎಂದು. "ಬಿಡ್ರಿ ಕಾಕಾ, ಬಂದ್ ಆಗೇತಿ. ನಾನಽ ಮಾಡಿದ್ದು, ಬೇಕಾದ್ರ ನೋಡ್ರಿಲ್ಲೆ" ಎಂದು ಪರದೆ ತೋರಿಸಿದೆ.

ಅವರು ಪರದೆ ಓದಲಿಲ್ಲ. ನನ್ನ ಮುಖ ನೋಡಿದರು. "ನಮ್ಮ ಹುಡುಗಿ ಮಾಡ್ಯಾಳಂದ್ರ ಮುಗೀತ ತಗೋ" ಎಂದು ತಿರುಗಿ ಬಂದು, ಬುಡದ ಬಾಗಿಲಿನ ಚಿಲಕ ತೆಗೆದು, ಬಲಗೈ ಒಳಗೆ ಹಾಕಿದರು.

ಸಾಹುಕಾರರ ಮಾತು ಕೇಳಿ ಅವರು ನಿಂತಿರಲಿಲ್ಲ. ನನ್ನ ಮಾತಿಗೆ ನಿಂತರು. ಇನ್ನೊಂದಿಷ್ಟು ಹಟ ಮಾಡಿದ್ದರೆ, ಇಪ್ಪತ್ತು ಸೆಕೆಂಡು ಜಗಳವಾಡಿದ್ದರೆ, ಎಲ್ಲರ ಕಣ್ಣೆದುರು ಆ ಎಲಿವೇಟರ್ ತಾನಾಗಿಯೇ ಏಳುತ್ತಿತ್ತು. ನನ್ನ ಮರ್ಯಾದೆ ಹೋಗುತ್ತಿತ್ತು, ಅಷ್ಟೇ. ಯಾಕೆ ಜಗಳವಾಡಲಿಲ್ಲ ಕಾಕಾ... ಊರಿಗೆಲ್ಲ ಎದುರಾಡುವ ಬಾಯಿ ನನ್ನ ಮುಂದೆ ಮಾತ್ರ ಯಾಕೆ ಮುಚ್ಚಿತು?

ಅದು ಎದ್ದಾಗ ನಾನು ಕೆಂಪು ಗುಂಡಿ ಒತ್ತಿದೆ. ಒತ್ತುತ್ತಲೇ ಇದ್ದೆ. ಎಲಿವೇಟರ್ ನಿಂತ ಮೇಲೂ ಒತ್ತುತ್ತಿದ್ದೆ. ಒಂದೊಂದು ಒತ್ತಿಗೂ ಟೈಮರ್ ಮತ್ತೆ ಎಣಿಸಲು ಕೂರುತ್ತಿತ್ತು ಎಂದು ಆಮೇಲೆ ತಿಳಿಯಿತು. ಹಮಾಲನೊಬ್ಬ ಓಡಿ ಹೋಗಿ ಮೇನ್ ಹಿಡಿಕೆ ಕೆಳಗೆ ಎಳೆಯದಿದ್ದರೆ ಕಾಕಾನ ತೋಳೇ ಉಳಿಯುತ್ತಿರಲಿಲ್ಲ. ಉಳಿದದ್ದು ಹೆಬ್ಬೆರಳು. ಬಲಗೈಯ ನಾಲ್ಕು ಬೆರಳು ಹೋದವು.

ಅವರನ್ನು ಆಸ್ಪತ್ರೆಗೆ ಸೇರಿಸಿ, ಮಧ್ಯಾಹ್ನ ಆಫೀಸಿಗೆ ಬಂದು ಆ್ಯಪಿನ ಕಡತ ತೆರೆದೆ. ಕೆಂಪು ಗುಂಡಿಗೆ ಎರಡು ಗೆರೆ. ಹುಡುಕಲು ಎರಡು ನಿಮಿಷವೂ ಹಿಡಿಯಲಿಲ್ಲ. ಆಫೀಸಿನ ಯಜಮಾನರು ನನ್ನ ಹಿಂದೆ ನಿಂತು ನೋಡಿದರು. "ಒಂದು ಗೆರಿ ತಗದು ಹಾಕು. ಹೊಸ ಆ್ಯಪ್ ಕಳಸು. ಬಾಯಿ ಬಿಟ್ಟಿ ಅಂದ್ರ ಕೇಸಿನಾಗ ನಿನ್ನ ಹೆಸರಽ ಮೊದಲ ಬರತೈತಿ" ಎಂದರು. ತೆಗೆದೆ. ತೆಗೆಯುವ ಮೊದಲು ಹಳೆಯ ಕಡತದ ನಕಲೊಂದನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಯಾಕೆ ಎಂದು ಆಗ ಗೊತ್ತಿರಲಿಲ್ಲ. ಧೈರ್ಯವಂತೂ ಅಲ್ಲ.

ಸಾಹುಕಾರರು ಎಲ್ಲೆಡೆ ಒಂದೇ ಮಾತು ಹಬ್ಬಿಸಿದರು: ಟೈಮರ್ ಮೇಸ್ತ್ರಿಯದು, ತಪ್ಪು ಕಟ್ಟಿದ್ದಾನೆ, ತನ್ನ ಕೈ ತಾನೇ ಕಳೆದುಕೊಂಡಿದ್ದಾನೆ. ಫೋನಿನ ಸುದ್ದಿಯೇ ಇಲ್ಲ. ಗಂಗಾವತಿಯ ಗಿರಣಿಯವರು ಕಾಕಾನನ್ನು ಕರೆಯುವುದು ಬಿಟ್ಟರು. ತಂತಿ ಸುತ್ತಲು ಬೆರಳು ಬೇಕು. ಆದರೆ ತಪ್ಪು ಹುಡುಕಲು ಅವರ ತಲೆಯೊಂದೇ ಸಾಕಿತ್ತು. ಆ ತಲೆಯನ್ನೂ ಯಾರೂ ನಂಬಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಕಾಕಾ ಅದನ್ನು ನಂಬಿದ್ದು. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ, ಎಡಗೈಯಲ್ಲಿ, ಆ ಪ್ಯಾನಲ್ಲಿನ ತಂತಿಗಳ ನಕ್ಷೆಯನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. "ಬೆಳಗಿನ ಝಾವ ಎದ್ದು ಕುಂದರತಾರವ್ವ. ಎಲ್ಲೆ ತಪ್ಪಿದೆ, ಎಲ್ಲೆ ತಪ್ಪಿದೆ ಅಂತಾರ" ಎಂದು ಅವರ ಹೆಂಡತಿ, ನಾವು ಕಾಕು ಎನ್ನುತ್ತಿದ್ದವರು, ನಮ್ಮವ್ವನ ಮುಂದೆ ಅತ್ತರು. ಒಂದು ದಿನ ಕಾಕಾ ನನ್ನನ್ನೇ ಕರೆದು ಹಾಳೆ ಕೊಟ್ಟರು.

"ನೀ ಕಲತಾಕಿ. ನೋಡವ್ವ, ಇದರಾಗ ಎಲ್ಲೆ ತಪ್ಪೇತಿ?"

ಹಾಳೆ ತೆಗೆದುಕೊಂಡೆ. ಬೆಳಕಿಗೆ ಹಿಡಿದು, ಓದುವವಳಂತೆ ನಟಿಸಿ, "ನನಗೂ ತಿಳಿವಲ್ದು ಕಾಕಾ" ಎಂದೆ. ನನ್ನ ಜೀವನದಲ್ಲಿ ಅದಕ್ಕಿಂತ ನೀಚವಾದ ಕೆಲಸ ಇನ್ನೊಂದನ್ನು ನಾನು ಮಾಡಿಲ್ಲ.

ಏಳನೆಯ ತಿಂಗಳು ಅವರು ಮುಖವರಳಿಸಿಕೊಂಡು ನಮ್ಮ ಬಾಗಿಲಿಗೆ ಬಂದರು. "ಸಿಕ್ತು ತಂಗಿ! ಈ ವಾಯರ್ ನೋಡು. ಇದನ್ನ ನಾ ಇಲ್ಲೆ ಕೊಟ್ಟಿರಬೇಕು. ತಪ್ಪು ನಂದಽ. ಸೋಮವಾರ ಗಂಗಾವತಿಗೆ ಹೋಗಿ ಸಾವ್ಕಾರ್ರಿಗೆ ಕೈ ಮುಗದು ಹೇಳಿ ಬರತೀನಿ."

ಹಾಳೆ ನೋಡಿದೆ. ಅಂಥ ತಂತಿ ಆ ಪ್ಯಾನಲ್ಲಿನಲ್ಲಿ ಇರಲೇ ಇಲ್ಲ. ಇಲ್ಲದ ತಪ್ಪೊಂದನ್ನು ಅವರು ಹುಟ್ಟಿಸಿಕೊಂಡಿದ್ದರು. ಕೈ ಮುಗಿಯಲು ಅವರಿಗೆ ಪೂರ್ತಿ ಕೈಗಳೂ ಇರಲಿಲ್ಲ.

ಲ್ಯಾಪ್‌ಟಾಪ್ ತಂದು ಅವರ ಮುಂದಿಟ್ಟೆ. ಪೆನ್‌ಡ್ರೈವಿನ ಕಡತ ತೆರೆದು ಕೆಂಪು ಗುಂಡಿ ತೋರಿಸಿದೆ, ಅದರಿಂದ ಹೊರಟ ಎರಡು ಗೆರೆಗಳನ್ನು ಬೆರಳಿಟ್ಟು ತೋರಿಸಿದೆ, ಎರಡೂ ಎಲ್ಲೆಲ್ಲಿ ಹೋಗಿ ಮುಟ್ಟುತ್ತವೆ ಎಂದು ಹೇಳಿದೆ. ಅವರಿಗೆ ಇಂಗ್ಲಿಷ್ ಬಾರದು, ಕೋಡು ತಿಳಿಯದು. ಗೆರೆ ತಿಳಿಯುತ್ತಿತ್ತು.

"ಹಳೇ ವಾಯರ್ ಕಿತ್ತಿರಲಿಲ್ಲ" ಎಂದರು.

"ಇಲ್ಲ ಕಾಕಾ."

"ಯಾವಾಗ ಗೊತ್ತಾತು?"

"ಅವತ್ತಽ. ಮಧ್ಯಾಹ್ನ."

ತಂದಿದ್ದ ಹಾಳೆಯನ್ನು ಮಗುಚಿ ಇಟ್ಟರು. "ನಾ ಹಾಳಿ ಕೊಟ್ಟಾಗ?"

"ಗೊತ್ತಿತ್ತು."

ಲ್ಯಾಪ್‌ಟಾಪನ್ನು ಎಡಗೈಯಿಂದ ಮುಚ್ಚಿದರು. "ಸೋಮವಾರ ನಾ ಹೇಳಾಕ ಹೊಂಟಿದ್ದೆ. ಈಗ ನೀ ಹೇಳಬೇಕು. ನಾ ಬಾಜೂಕ ನಿಂತಿರತೀನಿ."

ಸೋಮವಾರ ಗಿರಣಿಯ ಅಂಗಳದಲ್ಲಿ ಸಾಹುಕಾರರ ಮುಂದೆ, ಹಮಾಲರ ಮುಂದೆ, ಅಕ್ಕಪಕ್ಕದ ಗಿರಣಿಯ ಫಿಟ್ಟರುಗಳ ಮುಂದೆ ನಾನು ಎಲ್ಲವನ್ನೂ ಹೇಳಿದೆ. "ಆದದ್ದಾತು, ಈಗ್ಯಾಕ ಅದನ್ನ ಕೆದರತೀರಿ?" ಎಂದರು ಸಾಹುಕಾರರು. ಅಷ್ಟು ದಿನ ಒಳಗಿದ್ದ ಸಿಟ್ಟೆಲ್ಲ ಹೊರಬಂತು. ಏನೇನು ಕೂಗಿದೆನೋ ನೆನಪಿಲ್ಲ. ಹಮಾಲನೊಬ್ಬ, "ಯವ್ವಾ, ನೀರು ಕುಡಿ" ಎಂದು ತಂಬಿಗೆ ಹಿಡಿದದ್ದು ನೆನಪಿದೆ. ಕಾಕಾ ದನಿ ಏರಿಸಲಿಲ್ಲ. "ಸಾವ್ಕಾರ್ರ, ಏಳು ತಿಂಗಳು ಊರಿಗೆಲ್ಲ ಹೇಳಿದ್ರಲ್ಲ, ಇವತ್ತ ಇವರ ಮುಂದ ತಿರುಗಿ ಹೇಳ್ರಿ" ಎಂದರು. ಸಾಹುಕಾರರು ನೆಲ ನೋಡುತ್ತ, "ಮೇಸ್ತ್ರಿ ಟೈಮರ್ ಬರೋಬರಿ ಇತ್ತು" ಎಂದರು. ಫಿಟ್ಟರುಗಳು ಕೇಳಿಸಿಕೊಂಡರು. ಅದು ಸಾಕಾಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಕಾಕಾ ಬೇರೆ ಸೀಟಿನಲ್ಲಿ ಕೂತರು.

ನನ್ನ ಕೆಲಸ ಹೋಯಿತು. ಕೇಸೇನೂ ಆಗಲಿಲ್ಲ, ಆಗಬೇಕಿತ್ತು. ಗಂಗಾವತಿಯಿಂದ ಕಾಕಾನಿಗೆ ಮತ್ತೆ ಕರೆಗಳು ಬರತೊಡಗಿದವು. ಕುರ್ಚಿಯ ಮೇಲೆ ಕೂತು, ಹೆಬ್ಬೆರಳಿನಲ್ಲಿ ತೋರಿಸಿ, ಬೇರೆಯವರಿಂದ ಕೆಲಸ ಮಾಡಿಸುತ್ತಿದ್ದರಂತೆ. ನಾನು ನೋಡಲಿಲ್ಲ. ಗೋಡೆಯಾಚೆಗೇ ಇದ್ದರೂ ಅವರು ಮತ್ತೆಂದೂ ನನ್ನೊಡನೆ ಮಾತಾಡಲಿಲ್ಲ. ನಾನು ಹೊರಗೆ ಬಂದರೆ ಅವರು ಒಳಗೆ ಹೋಗುತ್ತಿದ್ದರು. ಅವರು ತೀರಿಕೊಂಡು ಈಗ ಎರಡು ವರ್ಷ. ಮಣ್ಣಿಗೆ ಹೋಗಿದ್ದೆ, ಹೆಂಗಸರ ಹಿಂದೆ ನಿಂತಿದ್ದೆ. ಆ ಗಿರಣಿಯ ಸಾಹುಕಾರರು ಹಾರ ತಂದಿದ್ದರು. ನಾನು ಬರಿಗೈಯಲ್ಲಿ ಹೋಗಿದ್ದೆ. ತಂಗಿ ಎಂದು ಕರೆಯುವವರು ಇನ್ನಿಲ್ಲ ಎಂದು ಓಣಿಯ ಹೆಂಗಸರು ಅಳುತ್ತಿದ್ದರು. ನನ್ನ ಪಾಲಿಗೆ ಆ ಕರೆ ಅದಕ್ಕೂ ಬಹಳ ಹಿಂದೆಯೇ ನಿಂತು ಹೋಗಿತ್ತು...

ಗಿರಣಿಗೆ ಹೋಗಿ ಬಂದ ಮರುದಿನ ಬೆಳಿಗ್ಗೆ ಕಾಕು ನಮ್ಮ ಬಾಗಿಲಿಗೆ ಬಂದಿದ್ದರು. ಒಳಗೆ ಬರಲಿಲ್ಲ. "ಏಳು ತಿಂಗಳಿಗೆ ನಿನ್ನೆ ಒಂದಿನ ಬೆಳತನಕ ಮಲಗಿದ್ರು. ನಡುವ ಒಮ್ಮಿನೂ ಏಳಲಿಲ್ಲ. ಅಷ್ಟ ಹೇಳಾಕ ಬಂದೆ. ಇನ್ನ ನಮ್ಮ ಮನಿಗೆ ಬರಬ್ಯಾಡವ್ವ" ಎಂದು ಹೇಳಿ ಹೋದರು. ಆ ರಾತ್ರಿ ನಾನೂ ಬೆಳತನಕ ಮಲಗಿದ್ದೆ ಎಂದು ಯಾವ ಬಾಯಿಂದ ಹೇಳಲಿ?